ಮೂರು ಹನ್ನೆರಡರ ಬಸ್ಸು

ಸ್ಟಾಪಿನ ಕಂಬಕ್ಕೆ ಅಂಟಿಸಿದ್ದ ವೇಳಾಪಟ್ಟಿಯಲ್ಲಿ ಮುಂದಿನ ಬಸ್ಸು 3.12ಕ್ಕೆ ಎಂದಿತ್ತು. ಕಂಟ್ರೋಲರ್ ಅದನ್ನು ಓದಿ ನಕ್ಕರು. ಆವತ್ತಿನ ತಾಪತ್ರಯಕ್ಕೆಲ್ಲ ಆ ನಗುವೇ ಮೂಲ.

ಊರಿನ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು ಅವರು. ಬಸ್ಸು ಹೊರಡುವ ವೇಳೆಯನ್ನು ತಾವೇ ಮುಂದೆ ನಿಂತು ಬೋರ್ಡಿನ ಮೇಲೆ ಬರೆಸಿದವರು. ಆ ಅಂಕಿಗೂ ಬಸ್ಸಿಗೂ ಎಷ್ಟು ದೂರದ ನೆಂಟಸ್ತಿಕೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇದನ್ನ ಜನರ ಸಮಾಧಾನಕ್ಕೆ ಹಾಕಿರ್ತಾರೆ. ಹನ್ನೆರಡು ಅಂದ್ರೆ ಮೂವತ್ತು ಅಂತ ಓದ್ಕೋಬೇಕು. ಬನ್ನಿ, ಎದುರುಗಡೆ ಒಂದು ಕಾಫಿ ಕುಡಿಯೋಣ," ಎಂದರು.

ಜೊತೆಗೆ ಹೆಂಡತಿ, ಬೀಗರು, ಬೀಗಿತ್ತಿ ಇದ್ದರು. ನಾಲ್ವರೂ ಮೂವತ್ತು ಜನರ ಪ್ರವಾಸದ ತಂಡದಲ್ಲಿ ವಿದೇಶ ನೋಡಲು ಬಂದವರು. ಊರು ಸುತ್ತಿಕೊಂಡು ನಾಲ್ಕು ಗಂಟೆಗೆ ಸರಿಯಾಗಿ ಮೈದಾನದ ಹತ್ತಿರ ಬರಬೇಕು, ಪ್ರವಾಸದ ಕೋಚು ಅಲ್ಲಿಂದ ಮುಂದಿನ ಊರಿಗೆ ಹೊರಡುತ್ತದೆ ಎಂದು ಮ್ಯಾನೇಜರ್ ಹೇಳಿ ಕಳಿಸಿದ್ದ.

"ಟ್ಯಾಕ್ಸಿ ಹಿಡಿದ್ರೆ ಆಗಲ್ವಾ ಬೀಗರೇ?" ಎಂದರು ಬೀಗರು. ಅವರು ನಿವೃತ್ತ ಹೆಡ್‌ಮಾಸ್ತರು. "ಬಸ್ಸಿನ ವಿಷಯದಲ್ಲಿ ನಿಮ್ಮ ಕೈಗುಣ ನಾವು ನೋಡಿದ್ದೀವಲ್ಲ."

ಇದು ಕಂಟ್ರೋಲರ್‌ಗೆ ನಾಟಿತು. ನಾಲ್ಕು ವರ್ಷದ ಹಿಂದೆ ಮಗಳ ಮದುವೆಗೆ ಬೀಗರ ಕಡೆಯವರನ್ನು ಕರೆತರಲು ಅವರೇ ಖುದ್ದಾಗಿ ಗೊತ್ತುಮಾಡಿದ್ದ ಬಸ್ಸು ಒಂದೂವರೆ ಗಂಟೆ ತಡವಾಗಿತ್ತು. ಅಂದಿನಿಂದ ಇಂದಿನವರೆಗೆ ಬೀಗರು ಆ ಕತೆಯನ್ನು ಹೇಳದ ಸಮಾರಂಭವೇ ಇಲ್ಲ. ಒಂದೇ ಒಂದು ಸಲ ಈ ಮನುಷ್ಯನ ಬಾಯಲ್ಲಿ ಭೇಷ್ ಅನ್ನಿಸಿಕೊಳ್ಳಬೇಕು ಎಂಬುದೇ ಕಂಟ್ರೋಲರ್‌ಗೆ ಉಳಿದಿದ್ದ ದೊಡ್ಡ ಆಸೆ.

"ಬಸ್ಸಿನ ಮಾತು ನನಗೆ ಬಿಡಿ," ಎಂದು ಅವರು ರಸ್ತೆ ದಾಟಿಯೇಬಿಟ್ಟರು.

ಕಾಫಿ ಮೇಜಿಗೆ ಬಂದಾಗ ಗೋಡೆಯ ಗಡಿಯಾರದಲ್ಲಿ ಮೂರು ಹನ್ನೊಂದು. ಕಂಟ್ರೋಲರ್ ಸಕ್ಕರೆ ಕಲಕುತ್ತಿರುವಾಗಲೇ ಕಿಟಕಿಯಾಚೆ ಹಸಿರು ಬಸ್ಸೊಂದು ಬಂದು ಸ್ಟಾಪಿನಲ್ಲಿ ನಿಂತಿತು. ಮೂರು ಹನ್ನೆರಡು. ಅವರು ಚಮಚ ಕೈಯಲ್ಲಿ ಹಿಡಿದೇ ಹೊರಗೆ ಓಡಿದರು. ಬಸ್ಸಿನ ಬಾಗಿಲು ಮುಚ್ಚಿತು. "ಹೋಲ್ಡಾನ್, ಹೋಲ್ಡಾನ್" ಎನ್ನುತ್ತಾ ಅದರ ಪಕ್ಕೆಗೆ ಎರಡು ಬಾರಿಸಿದರು. ಅವರ ಊರಿನಲ್ಲಿ ಆ ಎರಡು ಏಟಿಗೆ ಎಂಥ ಬಸ್ಸೂ ನಿಲ್ಲುತ್ತಿತ್ತು. ಇಲ್ಲಿ ಒಳಗಿದ್ದ ಅಜ್ಜಿಯೊಬ್ಬಳು, ಯಾರೋ ಬೀಳ್ಕೊಡುತ್ತಿದ್ದಾರೆ ಎಂದುಕೊಂಡು ಕೈ ಬೀಸಿದಳು.

ತಿರುಗಿ ನೋಡಿದರೆ ಉಳಿದವರೂ ರಸ್ತೆ ದಾಟಿ ಬಂದಿದ್ದರು; ಹೆಂಡತಿಯ ಮುಖ ಬಿಗಿದುಕೊಂಡಿತ್ತು.

"ಮುಂದಿನದು ಮೂರು ಮೂವತ್ತೆರಡಕ್ಕೆ ಅಂತಿದೆ," ಎಂದರು ಬೀಗರು ಪಟ್ಟಿ ಓದಿ. "ನಿಮ್ಮ ಲೆಕ್ಕದಲ್ಲಿ ಅದು ನಾಳೆ ಬೆಳಗ್ಗೆ ಬರಬೇಕು. ನಾವು ಟ್ಯಾಕ್ಸೀಲಿ ಹೋಗ್ತೀವಿ. ನೀವು ನಿಮ್ಮ ಬಸ್ಸಲ್ಲೇ ಬನ್ನಿ."

"ನೀನು?" ಎಂದು ಕಂಟ್ರೋಲರ್ ಹೆಂಡತಿಯನ್ನು ಕೇಳಿದರು.

"ನಾನೂ ಅವರ ಜೊತೇನೇ. ಮೊದಲು ಆ ಚಮಚ ವಾಪಸ್ ಕೊಟ್ಟು ಬನ್ನಿ."

ಕಂಟ್ರೋಲರ್ ಒಬ್ಬರೇ ಸ್ಟಾಪಿನಲ್ಲಿ ನಿಂತರು. ಮೂರು ಮೂವತ್ತೆರಡಕ್ಕೆ, ಒಂದು ಸೆಕೆಂಡ್ ಆಚೆ ಇಲ್ಲ ಈಚೆ ಇಲ್ಲ, ಬಸ್ಸು ಬಂತು. ಮುಂದಿನ ಸ್ಟಾಪಿಗೂ ಪಟ್ಟಿಯ ಪ್ರಕಾರವೇ ತಲುಪಿತು, ಅದರ ಮುಂದಿನದಕ್ಕೂ. ನಾಲ್ಕನೇ ಸ್ಟಾಪು ಬರುವ ಹೊತ್ತಿಗೆ ಕಂಟ್ರೋಲರ್ ಪೂರ್ತಿ ಬೇರೆ ಮನುಷ್ಯ. ಮೂವತ್ತೊಂದು ವರ್ಷ ತಾನು ಮಾಡಿದ್ದು ಕೆಲಸವೇ ಅಲ್ಲ ಎನ್ನಿಸಿ ಅವರ ಕಣ್ಣು ತುಂಬಿತು.

ಮೈದಾನದ ಹತ್ತಿರ ಇಳಿದು ಓಡಿ ಕೋಚು ಹತ್ತಿದಾಗ ಇನ್ನೆರಡು ನಿಮಿಷವಿತ್ತು. ಟ್ಯಾಕ್ಸಿಯಲ್ಲಿ ಹೋದವರು ಆಗಲೇ ಬಂದು ಹಿಂದಿನ ಸೀಟಿನಲ್ಲಿ ಕೂತು ತಮ್ಮನ್ನೇ ನೋಡಿ ನಗುತ್ತಿರುತ್ತಾರೆ ಎಂದು ಅವರಿಗೆ ಖಾತ್ರಿಯಿತ್ತು. ತಿರುಗಿ ನೋಡುವ ಮುಖವಿಲ್ಲದೆ ಮೊದಲ ಸೀಟಿನಲ್ಲೇ ತಲೆ ತಗ್ಗಿಸಿ ಕುಳಿತರು.

"ಇನ್ನೂ ಮೂರು ಜನ ಬಂದಿಲ್ಲ," ಎಂದ ಮ್ಯಾನೇಜರ್. "ಒಂದು ಹತ್ತು ನಿಮಿಷ ಕಾಯೋಣ್ವಾ?"

ತಂಡದಲ್ಲಿ ಒಬ್ಬ ಬಟ್ಟೆ ಅಂಗಡಿ ಸಾಹುಕಾರ, ಅವನ ಹೆಂಡತಿ, ಅತ್ತೆ ಇದ್ದರು. ಪ್ರತಿ ಊರಿನಲ್ಲೂ ಎಲ್ಲರನ್ನೂ ಕಾಯಿಸಿದ ಮೂವರು. ಇವತ್ತೂ ಅವರೇ, ಇನ್ಯಾರು? ಬೀಗರ ಕಿವಿಗೆ ಬೀಳುವಂತೆ ನಾಲ್ಕು ಮಾತಾಡಿ ಕಳೆದ ಮಾನ ಗಳಿಸಿಕೊಳ್ಳಲು ಇದೇ ಸಮಯ ಎಂದು ಕಂಟ್ರೋಲರ್ ಎದ್ದು ನಿಂತು, ಹಿಂದಕ್ಕೆ ತಿರುಗದೆಯೇ ಮೈಕು ಇಸಿದುಕೊಂಡರು.

"ಮೂರು ಜನಕ್ಕೋಸ್ಕರ ಇಪ್ಪತ್ತೇಳು ಜನ ಯಾಕೆ ಕಾಯಬೇಕು? ಬಸ್ಸಿನ ವೇಳೆ ಅಂದ್ರೆ ಕೊಟ್ಟ ಮಾತು ಇದ್ದ ಹಾಗೆ. ತಪ್ಪಿಸಿಕೊಂಡೋರು ನಾನೇ ಆಗಿದ್ರೂ ಬಿಟ್ಟು ಹೋಗಿ ಅಂತಿದ್ದೆ. ನಾಲ್ಕಾಯ್ತು. ರೈಟ್, ರೈಟ್."

ಕೋಚು ಹೊರಟಿತು. ಹಿಂದಿನಿಂದ ಚಪ್ಪಾಳೆ ಬಿತ್ತು. ಕಂಟ್ರೋಲರ್ ಸಂತೋಷದಿಂದ ಕಾಲು ಚಾಚಿಕೊಂಡು ಕುಳಿತರು. ಕೋಚು ಹೆದ್ದಾರಿ ಹತ್ತಿದ ಮೇಲೆ ಅವರ ಫೋನು ಬಡಿದುಕೊಂಡಿತು.

"ಬೀಗರೇ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡ್ವಿ," ಎಂದಿತು ಬೀಗರ ದನಿ. "ನೀವು ಕೋಚಲ್ಲಿದ್ದೀರಾ ತಾನೆ?"

"ಇದ್ದೀನಿ," ಎಂದರು ಕಂಟ್ರೋಲರ್. ಮೆಲ್ಲನೆ ತಿರುಗಿ ನೋಡಿದರು. ಕೊನೆಯ ಸಾಲಿನಲ್ಲಿ ಸಾಹುಕಾರ, ಅವನ ಹೆಂಡತಿ, ಅತ್ತೆ ಮೂವರೂ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.

"ಭೇಷ್. ನಾನು ಆಗ್ಲೇ ನಿಮ್ಮ ಮನೆಯವರಿಗೆ ಧೈರ್ಯ ಹೇಳ್ದೆ. ಬೀಗರು ಒಳಗಿರೋವರೆಗೂ ಆ ಬಸ್ಸು ಒಂದು ಹೆಜ್ಜೆ ಅಲ್ಲಾಡಲ್ಲ ಕಣಮ್ಮ, ಮೂವತ್ತೊಂದು ವರ್ಷದ ಸರ್ವೀಸು ಅಂದ್ರೆ ಸುಮ್ನೇನಾ ಅಂದೆ. ಇಗೋ, ಮೈದಾನ ಬಂದೇಬಿಡ್ತು. ನೀವು ಸ್ವಲ್ಪ ಬಾಗಿಲ ಹತ್ರ ನಿಂತು ಕೈ ಎತ್ತಿ, ಗುರುತು ಸಿಗುತ್ತೆ."