ಭಾನುವಳ್ಳಿ ಬೀಜ, ನಿಟ್ಟುವಳ್ಳಿ ಕುಂಡ

ಇನ್ನು ಮೇಲೆ ಮಾರುಕಟ್ಟೆಯ ಟೊಮೆಟೊ ನಮ್ಮ ಮನೆಯ ಹೊಸಿಲು ದಾಟಕೂಡದು ಎಂದು ದೀಪಾವಳಿ ಮುಗಿದ ಮರುದಿನ ನಾನು ಘೋಷಿಸಿಬಿಟ್ಟೆ! ಘೋಷಣೆ ಎಂದರೆ ಅಂತಿಂಥದ್ದಲ್ಲ. ಎಡಗೈ ಸೊಂಟದ ಮೇಲೆ, ಬಲಗೈಯಲ್ಲಿ ಸಾರಿನ ಸೌಟು. ಕೇಳಿಸಿಕೊಂಡವರು ಸೊಸೆ ಪದ್ಮಶ್ರೀ ಮತ್ತು ಒಲೆಯ ಮೇಲಿನ ಸಾರು. ಸಾರಾದರೂ ಕುದಿಯಿತು. ಸೊಸೆ ತಲೆ ಎತ್ತಲಿಲ್ಲ, ಮೊಬೈಲು ನೋಡುತ್ತಿದ್ದಳು.

"ಇದು ಟೊಮೆಟೊ ಏನು? ರಬ್ಬರ್ ಚೆಂಡು! ಗ್ವಾಡಿಗೆ ಹೊಡದ್ರೆ ಗ್ವಾಡಿನೇ ಬಿರಿತೈತೆ" ಎಂದೆ.

"ಅದಕ್ಕೇ ನೋಡಾಕತ್ತೀನಿ ಅತ್ತೆ. ಮನಿಯಾಗೇ ಬೆಳಿಯೋಣು. ಬೀಜದ ಪ್ಯಾಕೆಟ್ ತರಿಸ್ತೀನಿ. ಇಲ್ನೋಡ್ರಿ, ಇದು ಗೋಲಿಯಷ್ಟು ಸಣ್ಣದು, ಹಂಗೇ ಬಾಯಿಗೆ ಹಾಕ್ಕೋಬಹುದು. ಇದು ಹಳದಿ. ಇದು ಕಪ್ಪು."

"ಕಪ್ಪು ಟೊಮೆಟೊಗೆ ನಮ್ಮೂರಾಗ ಬದನೇಕಾಯಿ ಅಂತಾರವ್ವ!"

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ರಂಗವ್ವ, ವಯಸ್ಸು ಎಪ್ಪತ್ತೆರಡು, ಓದು ಎರಡನೇ ಕ್ಲಾಸು. ತವರು ಹರಿಹರದ ಪಕ್ಕದ ಭಾನುವಳ್ಳಿ, ಕೊಟ್ಟ ಮನೆ ದಾವಣಗೆರೆಯ ನಿಟ್ಟುವಳ್ಳಿ. ಯಜಮಾನರು ಹೋಗಿ ಹನ್ನೊಂದು ವರ್ಷ. ಬದುಕಿದ್ದಾಗಲೂ ಅವರು ನನ್ನ ಮಾತಿಗೆ ಎದುರು ಹೇಳಿದವರಲ್ಲ, ಈಗ ಫೋಟೊದೊಳಗೆ ಇನ್ನೂ ಒಳ್ಳೆಯವರಾಗಿದ್ದಾರೆ. ಮಗ ಸಿದ್ದು ಬೆಳಗ್ಗೆ ಹರಿಹರದ ಕಾರ್ಖಾನೆಗೆ ಹೋದರೆ ಸಂಜೆಯೇ ಬರುವುದು, ಬಂದ ಮೇಲೂ ಅತ್ತೆ ಸೊಸೆಯ ನಡುವೆ ಬರುವುದಿಲ್ಲ. ಜಾಣ.

ಓದು ಕಡಿಮೆಯಾದರೂ ನೆನಪು ಮಾತ್ರ ಕಬ್ಬಿಣದ ಪೆಟ್ಟಿಗೆ! ಅರವತ್ತು ವರ್ಷದ ಹಿಂದೆ ನಮ್ಮವ್ವ ಹಿತ್ತಲಲ್ಲಿ ಬೆಳೆಯುತ್ತಿದ್ದ ಜವಾರಿ ಟೊಮೆಟೊ ಈಗಲೂ ನನ್ನ ಕಣ್ಣ ಮುಂದಿದೆ. ಚಪ್ಪಟೆ ಹಣ್ಣು, ಮೈತುಂಬ ಕುಂಬಳಕಾಯಿಯಂತೆ ಗೆರೆ. ಬೆರಳು ತಾಗಿದರೆ ಸಿಪ್ಪೆ ಬಿರಿಯುವಷ್ಟು ತೆಳು. ಎರಡೇ ಹಣ್ಣು ಹಿಂಡಿದರೆ ಹತ್ತು ಮಂದಿಗೆ ಸಾರು, ಹುಣಿಸೆಹಣ್ಣಿನ ಹಂಗಿಲ್ಲ. ಅವ್ವನ ನಂತರ ಆ ಬೀಜವನ್ನು ಕಾಪಾಡಿಕೊಂಡು ಬಂದವನು ತಮ್ಮ ಅಂಜಿನಪ್ಪ. ಹೋದ ಮಳೆಗಾಲದಲ್ಲಿ ಹಿತ್ತಲಲ್ಲಿ ಹದಿನೈದು ದಿನ ನೀರು ನಿಂತು ಅವನ ಗಿಡಗಳೆಲ್ಲ ಕೊಳೆತುಹೋದವು. ಫೋನು ಮಾಡಿ ಅಳುವ ದನಿಯಲ್ಲಿ ಹೇಳಿದ:

"ಅಕ್ಕಾ, ನನ್ನ ಹತ್ರ ಒಂದು ಬೀಜನೂ ಉಳಿದಿಲ್ಲ. ಷಡ್ಡಕನ ಮನಿ, ಬೀಗರ ಮನಿ, ಎಲ್ಲಾ ಕಡೆ ಕೇಳಿದೆ. ಎಲ್ಲೂ ಇಲ್ಲ. ನಿನ್ನ ಡಬ್ಬಿಯಾಗ ಇರೋದೇ ಕೊನೇದು. ಹುಷಾರಾಗಿ ಬೆಳಸು, ಹಣ್ಣಾದ ಮ್ಯಾಲೆ ಬಂದು ಬೀಜ ಒಯ್ತೀನಿ."

"ಯಾರ ಕೈಯಾಗ ಐತೆ ಅನ್ನೋದು ಗೊತ್ತೈತೆ ತಾನೆ? ನೀ ಆರಾಮಾಗಿ ನಿದ್ದಿ ಮಾಡು!"

ಆ ಕೊನೆಯ ಬೀಜವಿದ್ದದ್ದು ಬೂದಿಯಲ್ಲಿ. ಹುಳ ಹಿಡಿಯದಿರಲೆಂದು ನಮ್ಮ ಕಡೆ ಬೀಜವನ್ನು ಬೂದಿಯಲ್ಲಿ ಬೆರೆಸಿ ಡಬ್ಬಿಗೆ ತುಂಬಿಡುತ್ತೇವೆ. ನನ್ನ ಹತ್ತಿರ ಎರಡು ಹಳೆಯ ದಾಲ್ಡಾ ಡಬ್ಬಿಗಳಿದ್ದವು. ಒಂದೇ ಅಳತೆ, ಒಂದೇ ಬಣ್ಣದ ತುಕ್ಕು. ಒಂದರಲ್ಲಿ ಬೀಜ ಬೆರೆಸಿದ ಬೂದಿ. ಇನ್ನೊಂದರಲ್ಲಿ ನೀರೊಲೆಯಿಂದ ತೆಗೆದ ಬರೀ ಬೂದಿ, ಪಾತ್ರೆ ತಿಕ್ಕಲು.

ಪದ್ಮಶ್ರೀ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಚೀಟಿ ಅಂಟಿಸುವುದು ಅವಳ ರಕ್ತದಲ್ಲೇ ಇದೆ. ನಮ್ಮ ಅಡುಗೆಮನೆಯಲ್ಲಿ ಜೀರಿಗೆಗೂ ಚೀಟಿ, ಸಾಸಿವೆಗೂ ಚೀಟಿ. ಒಂದು ದಿನ ಸುಮ್ಮನೆ ಕೂತಿದ್ದಾಗ ನನ್ನ ಹಣೆ ಮುಟ್ಟಿ ನೋಡಿಕೊಂಡೆ, ನನಗೂ ಅಂಟಿಸಿದಳೇನೋ ಎಂದು!

"ಅತ್ತೆ, ಆ ಎರಡು ಡಬ್ಬಿಗೂ ಒಂದೊಂದು ಲೇಬಲ್ ಹಚ್ತೀನಿ, ಕೊಡ್ರಿ."

"ಬ್ಯಾಡ. ನನ್ನ ತಲಿನೇ ಲೇಬಲ್ಲು!"

"ಕನ್ನಡಕನಾದ್ರೂ ಹಾಕ್ಕೋರಿ ಮತ್ತ."

"ಬೂದಿ ನೋಡಾಕ ಕನ್ನಡಕ ಯಾಕ? ಬೂದಿ ಏನು ಪೇಪರ್ರಾ?"

ಬಿತ್ತನೆಯ ದಿನ ಬಂತು. ಮಾಳಿಗೆಯ ಪೂರ್ವದ ಭಾಗ ನನ್ನ ರಾಜ್ಯ, ಪಶ್ಚಿಮ ಸೊಸೆಯದು. ಅವಳು ಮೂರು ತಟ್ಟೆಗಳಲ್ಲಿ ಮೂರು ಜಾತಿಯ ಬೀಜ ಹಾಕಿ, ಐಸ್‌ಕ್ರೀಮ್ ಕಡ್ಡಿಗಳ ಮೇಲೆ ಹೆಸರು ಬರೆದು ನೆಟ್ಟಳು. ನಾನು ಎಂಟು ಕುಂಡಕ್ಕೆ ಮಣ್ಣು ತುಂಬಿ, ಪದ್ಮಶ್ರೀ ಅಡುಗೆಮನೆಯ ಕಸವನ್ನು ಡ್ರಮ್ಮಿನಲ್ಲಿ ಕೊಳೆಸಿ ಮಾಡಿದ್ದ ಗೊಬ್ಬರ ಬೆರೆಸಿ, ಎರಡೂ ಡಬ್ಬಿಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂತೆ. ಎರಡೂ ಯಾಕೆ ಎಂದರೆ, ಬಿತ್ತಿದ ಮೇಲೆ ಇರುವೆ ಬಾರದಂತೆ ಕುಂಡದ ಸುತ್ತ ಬರೀ ಬೂದಿ ಉದುರಿಸಬೇಕಲ್ಲ!

ಆಗ ಕೆಳಗಿನಿಂದ ಕೂಗು ಬಂತು. ಪಕ್ಕದ ಮನೆಯ ಹಜೀರಾಬೀ. ನಲವತ್ತು ವರ್ಷದ ನೆರೆ, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳ ಮಗ ಶಬ್ಬೀರ್ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು.

"ರಂಗಕ್ಕಾ! ಶಾದಿ ಮನಿಯಿಂದ ನಾಕು ದೊಡ್ಡ ಡೇಗು ಬಂದಾವ್ರಿ. ತಿಕ್ಕಾಕ ಬೂದಿ ಬೇಕಾಗಿತ್ತು. ಐತೇನ್ರಿ?"

"ಐತೆ ತಗಾ! ರಂಗವ್ವನ ಮನಿಯಾಗ ಏನಿಲ್ಲ?"

ಒಂದು ಡಬ್ಬಿಯನ್ನು ಹಗ್ಗಕ್ಕೆ ಕಟ್ಟಿ ಮೇಲಿನಿಂದ ಇಳಿಬಿಟ್ಟೆ. ಇನ್ನೊಂದರಲ್ಲಿದ್ದುದನ್ನು ದೇವರ ಹೆಸರು ಹೇಳಿ ಎಂಟು ಕುಂಡಕ್ಕೂ ಹಂಚಿ ಬಿತ್ತಿದೆ. ಎಷ್ಟು ಚೊಕ್ಕವಾದ ಕೆಲಸ!

ಎಂಟನೇ ದಿನಕ್ಕೆ ನನ್ನ ಕುಂಡಗಳಲ್ಲಿ ಮೊಳಕೆ! ಸೊಸೆಯ ಕಪ್ಪು ಟೊಮೆಟೊ ಇನ್ನೂ ಮಣ್ಣೊಳಗೇ ಯೋಚನೆ ಮಾಡುತ್ತಿತ್ತು.

"ನೋಡಿದೇನು? ಪ್ಯಾಕೆಟ್ ಬೀಜ ಪ್ಯಾಕೆಟ್ ಬೀಜನೇ, ಭಾನುವಳ್ಳಿ ಬೀಜ ಭಾನುವಳ್ಳಿ ಬೀಜನೇ!"

ಅಲ್ಲಿಂದ ಮೂರು ತಿಂಗಳು ಆ ಗಿಡಗಳಿಗೆ ನಾನು ಮಾಡಿದ ಸೇವೆಯನ್ನು ಸಿದ್ದುವಿಗೆ ಮಾಡಿದ್ದರೆ ಅವನು ಇನ್ನೂ ಅರ್ಧ ಅಡಿ ಎತ್ತರ ಬೆಳೆಯುತ್ತಿದ್ದ. ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಬೇವಿನ ಕಷಾಯ. ಅಮಾವಾಸ್ಯೆಗೆ ಎಂಟೂ ಕುಂಡಕ್ಕೆ ದೃಷ್ಟಿ ತೆಗೆದೆ, ಯಾಕೆಂದರೆ ಹಾಲಿನವನು ಒಮ್ಮೆ "ಗಿಡ ಭಾಳ ಚಲೋ ಬಂದಾವ" ಎಂದಿದ್ದ.

ಹಣ್ಣು ಮೂಡಿದಾಗ ಪದ್ಮಶ್ರೀ ಒಂದು ಮಾತು ತೆಗೆದಳು.

"ಅತ್ತೆ, ನೀವು ಚಪ್ಪಟೆ ಅಂದಿದ್ರಿ. ಇವು ಮೊಟ್ಟಿ ಇದ್ದಂಗ ಉದ್ದ ಅದಾವಲ್ಲ?"

"ಕುಂಡದಾಗ ಜಾಗ ಸಾಲದು ಕಣೆ. ಅಗಲ ಆಗಾಕ ಆಗದೆ ಉದ್ದ ಆಗ್ಯಾವು!"

"ಗೆರಿನೂ ಇಲ್ಲ."

"ಪ್ಯಾಟಿ ನೀರು ಕುಡದು ನುಣ್ಣಗಾಗ್ಯಾವು. ನೀನೂ ಹಳ್ಳಿಯಿಂದ ಬಂದಾಗ ಹೆಂಗಿದ್ದಿ, ಈಗ ಹೆಂಗಿದ್ದಿ!"

ಸೊಸೆ ನೀರಿನ ಚೊಂಬು ಎತ್ತಿಕೊಂಡು ತನ್ನ ಪಶ್ಚಿಮಕ್ಕೆ ಹೋದಳು. ಎಂಥ ತರ್ಕ! ಎರಡನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ದೇಶಕ್ಕೆ ನಷ್ಟ.

ಇಷ್ಟರಲ್ಲಿ ಹಜೀರಾಬೀಯ ಹಿತ್ತಲಲ್ಲೂ ಒಂದು ಟೊಮೆಟೊ ಗಿಡ ಹುಟ್ಟಿಕೊಂಡಿತ್ತು. ಯಾರೂ ಬಿತ್ತಿದ್ದಲ್ಲ. ಡೇಗು ತೊಳೆಯುವ ಬಚ್ಚಲಿನ ಮೋರಿಯ ಅಂಚಿನಲ್ಲಿ ತಾನಾಗಿ ಎದ್ದು, ಆಳೆತ್ತರ ಬೆಳೆದು ಗೋಡೆಯ ಮೇಲೆ ಒರಗಿತ್ತು. ಮಾಳಿಗೆಯ ಮೇಲಿನಿಂದ, ಕನ್ನಡಕವಿಲ್ಲದ ಕಣ್ಣಿಗೆ ಒಂದು ಹಸಿರು ಗುಡ್ಡೆಯಂತೆ ಕಾಣುತ್ತಿತ್ತು. ನಾನು ಮೇಲಿನಿಂದ ನಕ್ಕೆ.

"ಏನು ಹಜೀರಾ, ಮೋರಿ ನೀರಿಗೆ ತ್ವಾಟ ಮಾಡೀಯೇನು?"

"ಅಲ್ಲಾ ಕೊಟ್ಟಿದ್ರಿ ರಂಗಕ್ಕ. ನಾನೇನು ಮಾಡಿಲ್ಲ. ಕಾಯಿ ಭಾಳ ಬಿಟ್ಟೈತೆ, ಗೆರಿಗೆರಿ ಐತೆ, ಸಣ್ಣ ಕುಂಬಳಕಾಯಿ ಇದ್ದಂಗ!"

"ಗೆರಿ ಅಲ್ಲ ಅದು, ರೋಗ! ಸೋಪಿನ ನೀರಿಗೆ ಬಾತುಕೊಂಡಾವು. ಕಿತ್ತು ಹಾಕು."

ಅವಳು ಕೀಳಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ನನ್ನ ಎರಡು ಗಿಡಗಳ ಎಲೆ ಮುರುಟಿತು. ಮತ್ತೆ ಯಾರ ಮೇಲೆ ಅನುಮಾನ? ನೇರ ಅವಳ ಮನೆ ಬಾಗಿಲಿಗೆ ಹೋಗಿ ನಿಂತೆ.

"ಹಜೀರಾ, ನಿನ್ನ ಮೋರಿ ಗಿಡದ ರೋಗ ನನ್ನ ತವರು ಗಿಡಕ್ಕೆ ಹತ್ತೈತೆ. ಭೂಮಿ ಮ್ಯಾಲೆ ಉಳಿದಿರೋದು ಅವೇ ಎಂಟು ಗಿಡ. ನಮ್ಮವ್ವನ ಬೀಜ ನಿನ್ನಿಂದ ಅಳಿಸಿ ಹೋಗಬೇಕೇನು?"

ಅವಳ ಮುಖ ಸಣ್ಣದಾಯಿತು.

"ಅಯ್ಯೋ, ಹಂಗಾದ್ರೆ ಗಿಡ ಬ್ಯಾಡ್ರಿ ರಂಗಕ್ಕ. ನಿಮ್ಮ ತಮ್ಮ ಬರೋದರಾಗ ಕೀಳಿಸ್ತೀನಿ."

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಅಂಜಿನಪ್ಪ ಬಂದ. ಹರಿಹರದ ಬಸ್ಸಿಳಿದು, ಆಟೊ ಹಿಡಿದು, ಬೀಜ ಕಟ್ಟಿಕೊಂಡು ಹೋಗಲು ಒಗೆದ ಬಿಳಿ ಬಟ್ಟೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ನಾನು ಹಿತ್ತಾಳೆ ತಟ್ಟೆಯಲ್ಲಿ ಆರು ಹಣ್ಣಿಟ್ಟು, ಒಂದಕ್ಕೆ ಉಪ್ಪು ಸವರಿ, ಕೈಗೆ ಕೊಟ್ಟೆ.

ಕಚ್ಚಿದ. ಅಗಿದ. ಇನ್ನೂ ಅಗಿದ. ಎಮ್ಮೆ ಮೆಲುಕು ಹಾಕಿದರೂ ಅಷ್ಟು ಹೊತ್ತಾಗುವುದಿಲ್ಲ.

"ಅಕ್ಕಾ, ಇದು ಎಲ್ಲಿದು?"

"ಎಲ್ಲಿದು ಅಂದ್ರೆ? ನಮ್ಮವ್ವಂದು!"

"ನಮ್ಮವ್ವ ಇದನ್ನ ನೋಡಿದ್ರೆ ಲಾರಿಗೆ ಹೇರು ಅಂತಿದ್ಲು. ಇದು ಮಾರ್ಕೆಟ್ ಹಣ್ಣು ಅಕ್ಕಾ."

"ಪ್ರಯಾಣ ಮಾಡಿ ನಿನ್ನ ನಾಲಿಗಿ ಕೆಟ್ಟೈತೆ! ನೀರು ಕುಡದು ಇನ್ನೊಂದು ತಿನ್ನು!"

ಆಗಲೇ ಹಜೀರಾಬೀ ಒಂದು ಬಟ್ಟಲು ಹಿಡಿದು ಒಳಗೆ ಬಂದಳು.

"ಆರಾಮೇನ್ರಿ ಅಂಜಿನಣ್ಣ? ಇದು ಖಟ್ಟಾ ಅಂತ, ನಮ್ಮ ಮನಿ ಹುಳಿಸಾರು. ನೀವು ಬರ್ತೀರಿ ಅಂತ ಮಾಡಿದೆ."

ಅಂಜಿನಪ್ಪ ಬೆರಳು ಅದ್ದಿ ಚೀಪಿದ. ಅವನ ಕೈ ಬಾಯಲ್ಲೇ ನಿಂತಿತು. ಅರವತ್ತಾರು ವರ್ಷದ ಗಂಡಸಿನ ಕಣ್ಣು ಒದ್ದೆಯಾದವು.

"ಅಕ್ಕಾ... ಅವ್ವನ ಸಾರು!"

ನಾನೂ ಬೆರಳು ಅದ್ದಿದೆ. ಹೇಳಿದೆನಲ್ಲ, ನನ್ನ ನೆನಪು ಕಬ್ಬಿಣದ ಪೆಟ್ಟಿಗೆ ಎಂದು. ಆ ಪೆಟ್ಟಿಗೆ ನನ್ನ ತಲೆಯ ಮೇಲೇ ಬಿತ್ತು. ಅದೇ ಹುಳಿ! ಅದೇ ಹಿತ್ತಲು, ಅದೇ ಅವ್ವ!

"ಯಾವ ಹಣ್ಣು ಹಾಕೀರಿ ಹಜೀರಕ್ಕ?" ಎಂದ ಅಂಜಿನಪ್ಪ.

"ಮೋರಿ ಹತ್ರ ತಾನೇ ಹುಟ್ಟಿತ್ತಣ್ಣ. ರಂಗಕ್ಕ ರೋಗದ ಗಿಡ, ಕೀಳು ಅಂದ್ರು. ಕೆಂಪಾಗಿದ್ದವನ್ನೆಲ್ಲ ಹರಕೊಂಡು ಕುದಿಸಿ ಸೋಸಿದೆ. ಗಿಡನ ಶಬ್ಬೀರ್ ಈಗ ತಾನೇ ಕಿತ್ತು ಕಸದ ಗಾಡಿಗೆ ಹಾಕಿದ."

ಪದ್ಮಶ್ರೀ ಮೆಲ್ಲಗೆ ಕೇಳಿದಳು. ಲೈಬ್ರರಿಯವರು ಯಾವಾಗಲೂ ತಾರೀಖು ಕೇಳುತ್ತಾರೆ.

"ಅದು ಯಾವಾಗ ಹುಟ್ಟಿತ್ರಿ ಹಜೀರಮ್ಮ?"

"ದೀಪಾವಳಿ ಆದ ಮ್ಯಾಲೆ. ರಂಗಕ್ಕ ಬೂದಿ ಕೊಟ್ಟಿದ್ರಲ್ಲ, ಡೇಗು ತಿಕ್ಕಿ ಆ ಬೂದಿ ಚೆಲ್ಲಿದ ಜಾಗದಾಗೇ..."

ಮೂವರೂ ನನ್ನ ಕಡೆ ತಿರುಗಿದರು. ಗೋಡೆಯ ಮೇಲಿನ ಯಜಮಾನರೂ ತಿರುಗಿದಂತಾಯಿತು.

"ಹಂಗಾದ್ರೆ ನನ್ನ ಕುಂಡದಾಗ ಹುಟ್ಟಿದ್ದು ಏನು?" ಎಂದೆ.

"ಗೊಬ್ಬರದ ಡ್ರಮ್ಮಿಗೆ ಕೊಳೆತ ಟೊಮೆಟೊ ಹಾಕ್ತಿದ್ದೆ ಅತ್ತೆ. ಮಾರ್ಕೆಟ್‌ದು. ಅದಕ್ಕೇ ಅವತ್ತು ಡಬ್ಬಿಗೆ ಲೇಬಲ್..."

ಪೂರ್ತಿ ಕೇಳಲು ನಾನು ಅಲ್ಲಿರಲಿಲ್ಲ. ಬೀದಿಯಲ್ಲಿದ್ದೆ! ಹೊಸಿಲು ದಾಟಕೂಡದೆಂದ ಟೊಮೆಟೊಗೆ ಮೂರು ತಿಂಗಳು ದೃಷ್ಟಿ ತೆಗೆದು, ಅವ್ವನ ಬೀಜವನ್ನು ಕಸದ ಗಾಡಿ ಹತ್ತಿಸಿದ ಈ ರಂಗವ್ವ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಸಿದ್ದುವಿನ ಚಪ್ಪಲಿ ಹಾಕಿಕೊಂಡು ನಿಟ್ಟುವಳ್ಳಿಯ ರಸ್ತೆಯಲ್ಲಿ ಓಡಿದಳು. ಹಿಂದೆ ತಮ್ಮ, ಅವನ ಹಿಂದೆ ಸೊಸೆ, ಕೊನೆಯಲ್ಲಿ ಬಟ್ಟಲು ಕೈಬಿಡದ ಹಜೀರಾಬೀ. ನೋಡಿದವರು ಕಳ್ಳನನ್ನು ಹಿಡಿಯಲು ಹೊರಟಿದ್ದೇವೆ ಎಂದುಕೊಂಡರಂತೆ. ಕಳ್ಳಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು!

ಗಾಡಿ ದೇವಸ್ಥಾನದ ತಿರುವಿನಲ್ಲಿ ನಿಂತಿತ್ತು. ಕಸ ತೆಗೆದುಕೊಳ್ಳುವ ಹೆಣ್ಣುಮಗಳು ಕೈ ಚಾಚಿದಳು.

"ಹಸಿ ಕಸನೋ ಒಣ ಕಸನೋ ಅಜ್ಜಿ?"

"ಕೊಡಾಕ ಬಂದಿಲ್ಲವ್ವ, ಇಸ್ಕೊಳ್ಳಾಕ ಬಂದೀನಿ! ಒಂದು ಟೊಮೆಟೊ ಗಿಡ!"

"ಕಸ ಹಾಕೋರನ್ನ ದಿನಾ ನೋಡ್ತೀನಿ. ವಾಪಸ್ ಕೇಳೋರನ್ನ ಇವತ್ತೇ ನೋಡಿದ್ದು!"

ಬಾಳೆಲೆ, ಮೂಸಂಬಿ ಸಿಪ್ಪೆ, ಯಾರದೋ ಹಳಸಿದ ಉಪ್ಪಿಟ್ಟು. ಮೊಣಕೈವರೆಗೆ ಕೈ ಹಾಕಿದೆ. ಎಲ್ಲದರ ಅಡಿಯಲ್ಲಿ ಗಿಡ ಸಿಕ್ಕಿತು. ಬಾಡಿದ ಎಲೆಗಳ ಮರೆಯಲ್ಲಿ ಹಜೀರಾಬೀಯ ಕಣ್ಣಿಗೆ ಬೀಳದೆ ಉಳಿದುಹೋಗಿದ್ದ ಮೂರು ಹಣ್ಣು. ಒಂದು ಬಿರಿದಿತ್ತು. ಚಪ್ಪಟೆ, ಗೆರೆಗೆರೆ, ಸಣ್ಣ ಕುಂಬಳಕಾಯಿ ಇದ್ದ ಹಾಗೆ! ನಾನು ರಸ್ತೆಯಲ್ಲೇ ಕೂತುಬಿಟ್ಟೆ. ನಗುವೋ ಅಳುವೋ, ನನಗೇ ತಿಳಿಯಲಿಲ್ಲ. ಹಜೀರಾಬೀ ಪಕ್ಕದಲ್ಲಿ ಕೂತು ಸೆರಗಿನಿಂದ ನನ್ನ ಕೈ ಒರೆಸಿದಳು.

"ರೋಗ ಹೋತೇನ್ರಿ ರಂಗಕ್ಕ?" ಎಂದಳು.

"ಹೋತು ಕಣೆ. ಅದು ಇದ್ದದ್ದು ನನಗೆ" ಎಂದೆ.

ಮೂರು ಹಣ್ಣಿನ ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಅರ್ಧವನ್ನು ಅಂಜಿನಪ್ಪ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಭಾನುವಳ್ಳಿಗೆ ಹೋದ. ಉಳಿದರ್ಧವನ್ನು ಮತ್ತೆ ಬೂದಿಯಲ್ಲಿ ಬೆರೆಸಿ ದಾಲ್ಡಾ ಡಬ್ಬಿಗೆ ಹಾಕಿದೆ. ಈ ಸಲ ನಾನೇ ಡಬ್ಬಿಗಳೆರಡನ್ನೂ ಸೊಸೆಯ ಮುಂದಿಟ್ಟೆ.

"ಹಚ್ಚವ್ವ ನಿನ್ನ ಲೇಬಲ್ಲು."

ಅವಳು ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದಳು. ನಾನು ಕನ್ನಡಕ ಹಾಕಿಕೊಂಡು ಮೊದಲನೇ ಡಬ್ಬಿ ಓದಿದೆ: "ಜವಾರಿ ಟೊಮೆಟೊ ಬೀಜ. ಬೆಳೆದವರು: ಹಜೀರಾಬೀ."

"ಇದೇನೇ? ತವರು ನಂದು, ಅವ್ವ ನಮ್ಮವಳು, ಕಸದ ಗಾಡಿಗೆ ಕೈ ಹಾಕಿದಾಕಿ ನಾನು. ನನ್ನ ಹೆಸರೆಲ್ಲಿ?"

"ನಿಮ್ಮ ಹೆಸರು ಬಿಡ್ತೀನೇನ್ರಿ ಅತ್ತೆ? ಐತೆ, ಆ ಇನ್ನೊಂದು ಡಬ್ಬಿ ನೋಡ್ರಿ."

ನೋಡಿದೆ. "ಬರೀ ಬೂದಿ. ಬಿತ್ತಿದವರು: ರಂಗವ್ವ."