ಕೊಟ್ರಪ್ಪ ಮಾವನಿಗೆ ನೂರು ಲಕೋಟೆ

ಎರಡು ಸಾವಿರದ ಎರಡರಲ್ಲಿ ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರು ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಮೂರು ಕಂಪ್ಯೂಟರ್, ಮೂರು ಪ್ರಿಂಟರ್, ಎಲ್ಲವನ್ನೂ ಜೋಡಿಸಿದ ನೀಲಿ ವೈರು. ಹೀಗಿರುವಾಗ ನಾದಿನಿಯ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯ ಮುನ್ನೂರು ಲಕೋಟೆಗಳ ಮೇಲೆ ವಿಳಾಸ ಬರೆಯಬೇಕಿತ್ತು.

“ನಾನು, ಅವ್ವ, ತಂಗಿ ಕುಂತು ಬರದ್ರ ಒಂದ ಮಧ್ಯಾಹ್ನದ ಕೆಲಸ ಐತ್ರಿ,” ಎಂದಳು ಹೆಂಡತಿ ಶೋಭಾ.

ಕಂಪ್ಯೂಟರಿನವನ ಮನೆಯಲ್ಲಿ ಕೈಬರಹವೇ? ನನ್ನ ವೃತ್ತಿಗೌರವಕ್ಕೆ ಧಕ್ಕೆಯಾಯಿತು. ಲಕೋಟೆಗಳನ್ನು ಹೊತ್ತು ಅಂಗಡಿಗೆ ನಡೆದೆ.

ಯೋಜನೆ ಸರಳ. ಹೆಸರಿನ ಪಟ್ಟಿ ಒಂದೇ. ಯಾವ ಕಂಪ್ಯೂಟರ್ ಖಾಲಿಯಿದೆಯೋ ಅದು ಮೇಲಿನ ಹೆಸರನ್ನು ಎತ್ತಿಕೊಂಡು, ಅಚ್ಚು ಹಾಕಿ, ಪಟ್ಟಿಯಿಂದ ಹೊಡೆದುಹಾಕಬೇಕು. ಪ್ರೋಗ್ರಾಂ ನಾನೇ ಬರೆದೆ. ಬಿಳಿಹಾಳೆಯಲ್ಲಿ ಪರೀಕ್ಷಿಸಿದಾಗ ಮೂರೂ ಒಟ್ಟಿಗೇ ಒಂದೇ ಹೆಸರಿಗೆ ಕೈಹಾಕಿದವು. ಒಬ್ಬರೇ ನೆಂಟರು, ಮೂರು ಹಾಳೆ!

ಹೆಸರು ಎತ್ತಿಕೊಂಡವರು ಪಕ್ಕದಲ್ಲಿ ಗುರುತು ಹಾಕತಕ್ಕದ್ದು, ಗುರುತಿದ್ದದ್ದನ್ನು ಬೇರೆಯವರು ಮುಟ್ಟತಕ್ಕದ್ದಲ್ಲ ಎಂದು ಕಾನೂನು ತಂದೆ. ಎರಡನೆಯ ಕಂಪ್ಯೂಟರ್ ವಿಧೇಯವಾಗಿ ಗುರುತು ಹಾಕಿ, ಎಂದಿನಂತೆ ಹ್ಯಾಂಗ್ ಆಯಿತು. ಅದು ಹಿಡಿದ ಹೆಸರು ಅಲ್ಲೇ ಕೊಳೆಯಿತು. ತಿದ್ದುಪಡಿ ತಂದೆ. ಅರ್ಧ ನಿಮಿಷದಲ್ಲಿ ಮುಗಿಸದವರ ಗುರುತು ರದ್ದು, ಹೆಸರು ಮರಳಿ ಪಟ್ಟಿಗೆ, ತಡವಾಗಿ ಮುಗಿಸಿದರೆ ಅದನ್ನು ಹೊಡೆದುಹಾಕುವ ಹಕ್ಕೂ ಇಲ್ಲ. ಹಾಳೆಯ ಮೇಲೆ ಎಲ್ಲವೂ ಸರಿಹೋಯಿತು. ಪ್ರಿಂಟರುಗಳಿಗೆ ಲಕೋಟೆ ತುಂಬಿ ಮಿರ್ಚಿ ಮಂಡಕ್ಕಿ ತಿನ್ನಲು ಹೋದೆ. ಅಲ್ಲಿ ಸಿಕ್ಕ ಗೆಳೆಯರಿಗೆ ನನ್ನ ಪ್ರೋಗ್ರಾಂ ವಿವರಿಸುವುದರಲ್ಲಿ ಒಂದೂವರೆ ತಾಸು ಕಳೆಯಿತು.

ಲಕೋಟೆ ಹಾಳೆಗಿಂತ ದಪ್ಪ ಎಂಬುದು ನನಗೆ ಹೊಳೆದಿರಲಿಲ್ಲ. ಒಂದೊಂದು ಅಚ್ಚಾಗಲು ಮುಕ್ಕಾಲು ನಿಮಿಷ. ಅಷ್ಟರಲ್ಲಿ ಗಡುವು ಮುಗಿದು ಹೆಸರು ಪಟ್ಟಿಗೆ ಮರಳುತ್ತಿತ್ತು. ಕಂಪ್ಯೂಟರ್ ಮತ್ತೆ ಅದನ್ನೇ ಎತ್ತಿಕೊಳ್ಳುತ್ತಿತ್ತು. ಬಂದು ನೋಡಿದರೆ ಮುನ್ನೂರು ಲಕೋಟೆಗಳ ಮೇಲೆ ಮೂರೇ ಹೆಸರು! ಹಂಪಸಾಗರದ ಕೊಟ್ರಪ್ಪ ಮಾವ, ಅಂದರೆ ಶೋಭಾಳ ಸೋದರಮಾವ. ಕೊಟ್ಟೂರಿನ ದೂರದ ನೆಂಟರೊಬ್ಬರು. ಕೂಡ್ಲಿಗಿಯ ಒಬ್ಬ ಮೇಷ್ಟ್ರು.

ಶೋಭಾ ಪಟ್ಟಿಯನ್ನು ಮೂರು ತುಂಡಾಗಿ ಹರಿದು ಅವ್ವನಿಗೊಂದು, ತಂಗಿಗೊಂದು ಕೊಟ್ಟಳು. ಮೂವರೂ ಬಿಳಿ ಚೀಟಿಗಳ ಮೇಲೆ ವಿಳಾಸ ಬರೆದು ಸಂಜೆಯ ಚಹಾದ ಹೊತ್ತಿಗೆ ಮುಗಿಸಿದರು. ಅಚ್ಚಾಗಿದ್ದ ಮೂವರಿಗೆ ಮಾತ್ರ ಚೀಟಿ ಬರೆಯಲಿಲ್ಲ. ಚೀಟಿಗೆ ಗೋಂದು ಹಚ್ಚಿ, ಅಚ್ಚಾದ ಹೆಸರು ಮುಚ್ಚುವಂತೆ ಅಂಟಿಸುವ ಕೆಲಸ ನನ್ನದು. ಕೈಗೆ ಸಿಕ್ಕ ಲಕೋಟೆಗೆಲ್ಲ ಅಂಟಿಸಿದೆ. ಕೊನೆಗೆ ಮೂರು ಉಳಿದವು. ಮೂರು ಹೆಸರು, ಮೂರು ಲಕೋಟೆ. ಹೆಮ್ಮೆಯಿಂದ ಅಂಚೆಗೆ ಹಾಕಿದೆ.

ಆ ಮೂರೂ ಕೂಡ್ಲಿಗಿ ಮೇಷ್ಟ್ರವು.

ವಾರದ ಮೇಲೆ ಹಂಪಸಾಗರದಿಂದ ಸುದ್ದಿ ಬಂತು. ಪತ್ರಿಕೆ ಬಾರದ ಮದುವೆಗೆ ಕೊಟ್ರಪ್ಪ ಮಾವ ಬರುವುದಿಲ್ಲವಂತೆ. ಸೋದರಮಾವನಿಲ್ಲದೆ ಮದುವೆ ನಡೆಯದೆಂದು ಅತ್ತೆ ಕಣ್ಣೀರಿಟ್ಟರು. ಸ್ಕೂಟರ್ ಹತ್ತಿ ಹೋಗಿ, ಕಾಲಿಗೆ ಬಿದ್ದು, ಗಡುವು, ಗುರುತು, ತಿದ್ದುಪಡಿ ಎಲ್ಲ ಒಪ್ಪಿಸಿದೆ. ಮಾವ ಕಣ್ಣು ಮುಚ್ಚಿ ಕೇಳಿದರು.

“ನನ್ನ ಹೆಸರಿನ್ವ ನೂರು ಲಕೋಟಿ ಅಚ್ಚು ಹಾಕಿದಿ. ಅದ್ರಾಗ ಒಂದರ ನನಗ ಮುಟ್ಟಬಾರದಿತ್ತೇನಪಾ?”

ಮಾವ ಟವೆಲ್ ಹೆಗಲಿಗೇರಿಸಿ ಸ್ಕೂಟರಿನ ಹಿಂದೆ ಕುಳಿತರು. ಮನೆಗೆ ಬಂದವರೇ ಅತ್ತೆಗೆ ಹೇಳಿದ್ದು ಒಂದೇ ಮಾತು: “ಅಳಿಯಗ ಒಬ್ಬನ ಕುಂತು ಮಾಡೋ ಅಂಥ ಕೆಲಸ ಕೊಡವ್ವ.”

ಹಾಗಾಗಿ ಮದುವೆಯ ದಿನ ನಾನು ಮಂಟಪದ ಬಾಗಿಲಲ್ಲಿ ಚಪ್ಪಲಿ ಕಾದೆ. ಅಚ್ಚುಕಟ್ಟಾಗಿಯೇ ಕಾದೆ. ಒಂದೇ ಒಂದು ಜೊತೆ ಕಳೆಯಿತು. ಅದು ನನ್ನದು.