ಮಟಮಟ ಮಧ್ಯಾಹ್ನದ ಡ್ರಿಲ್ಲು

ಡ್ರಿಲ್ ಮಾಸ್ತರನಾದವನು ನಗೆಪಾಟಲಾಗಲು ಬೇರೆ ಪಿರಿಯಡ್ಡೇನೂ ಬೇಕಿಲ್ಲ. ಶಿಳ್ಳೆ ಊದಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ನವಲಗುಂದದ ಕಡೆಯ ಒಂದು ಹೈಸ್ಕೂಲಿನಲ್ಲಿ ಶಿಳ್ಳೆ ಊದುತ್ತಿದ್ದೆ. ಬೇಸಿಗೆಯೆಂದು ಮುಂಜಾನೆ ಶಾಲೆ. ಇನ್ಸ್‌ಪೆಕ್ಟರು ಬರುವವರಿದ್ದರಿಂದ ದಿನಾ ಡ್ರಿಲ್ಲು, ಅದೂ ಕಟ್ಟಕಡೆಯ ಪಿರಿಯಡ್ಡಿಗೆ, ಸೂರ್ಯ ನೆತ್ತಿಗೆ ಬಂದಾಗ. "ಮುಂಜಾನೆ ಆರಕ್ಕ ಮಾಡಿಸ್ತೀನ್ರಿ, ಹುಡುಗ್ರು ಬಿಸಲಿಗೆ ಬಿದ್ದಾರು" ಎಂದರೆ ಹೆಡ್ ಮಾಸ್ತರು, "ತಂಪು ಹೊತ್ತು ಗಣಿತಕ್ಕ ಬೇಕ್ರಿ. ಕೈಕಾಲಿಗೆ ಯಾವ ಹೊತ್ತಾದ್ರೇನು?" ಎನ್ನುವರು. ಯಾವನಿಗಾದರೂ ಹೆಚ್ಚುಕಡಿಮೆಯಾದರೆ ಅವನ ತಾಯಿಗೆ ಏನು ಹೇಳಲಿ ಎಂಬ ಹೆದರಿಕೆಗೆ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಉಳ್ಳಾಗಡ್ಡಿ

ತಾಯಂದಿರು ತಮ್ಮ ವ್ಯವಸ್ಥೆ ತಾವೇ ಮಾಡಿದ್ದರು. ಬಿಸಿಲು ಬಡಿಯಬಾರದೆಂದು ಪ್ರತಿ ಹುಡುಗನ ಟೊಪ್ಪಿಗೆಯೊಳಗೂ ಒಂದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ಅದು ನನಗೆ ಗೊತ್ತಿಲ್ಲ. "ಜಿಗೀರಿ!" ಎಂದೆ. ಟೊಪ್ಪಿಗೆಗಳು ಹಾರಿದವು. ಉಳ್ಳಾಗಡ್ಡಿಗಳು ಉರುಳಿ ಎರೆಮಣ್ಣಿನ ಬಿರುಕುಗಳಿಗೆ ಇಳಿದವು. ಹುಡುಗರೆಲ್ಲ ಸಾಲು ಬಿಟ್ಟು ಬಿರುಕಿಗೆ ಕೈಹಾಕಿದರು, ನಾನೂ ಬಗ್ಗಿ ಹುಡುಕಿದೆ.

ಪಡಸಾಲೆಯಿಂದ ಹೆಡ್ ಮಾಸ್ತರು ಕೂಗಿದರು: "ಮಾಸ್ತರ್ರ, ಡ್ರಿಲ್ ಮಾಡಸಾಕತ್ತೀರೋ, ಉಳ್ಳಾಗಡ್ಡಿ ಬಿತ್ತಾಕತ್ತೀರೋ?"

ಮಜ್ಜಿಗೆ

ಮರುದಿನ ಒಬ್ಬನಿಗೆ ನಿಜವಾಗಿಯೇ ಕಣ್ಣು ಕತ್ತಲೆ ಬಂತು. ಬೇವಿನ ನೆರಳಿಗೆ ಒಯ್ದು, ಒದ್ದೆ ಬಟ್ಟೆ ಹಾಕಿ, ಚೇತರಿಸಿಕೊಂಡ ಮೇಲೆ ಮನೆಯಿಂದ ಉಪ್ಪು ಹಾಕಿದ ಮಜ್ಜಿಗೆ ತರಿಸಿ ಕುಡಿಸಿದೆ. ತಪ್ಪಾಗಿದ್ದು ಇಲ್ಲೇ. ಅದರ ಮರುದಿನ ಶಿಳ್ಳೆ ಊದುತ್ತಲೇ ಮುಂದಿನ ಸಾಲು ಸಾಲೇ ಮಲಗಿಬಿಟ್ಟಿತು. ಕಂಗಾಲಾಗಿ ಮಜ್ಜಿಗೆಯ ಗಡಿಗೆ ಹಿಡಿದು ಓಡಿದೆ.

ಮೊದಲನೆಯವನು ಒಂದೇ ಕಣ್ಣು ತೆರೆದು ಹೇಳಿದ: "ಸರ್, ನಂದರಾಗ ಉಪ್ಪು ಸ್ವಲ್ಪ ಕಮ್ಮಿ ಹಾಕ್ರಿ."

ಸಾಹೇಬರು

ಹೆಡ್ ಮಾಸ್ತರು ಕೆರಳಿದರು. ಇನ್ಸ್‌ಪೆಕ್ಟರು ಬರುವ ದಿನ ಸಾಲಿನ ಮುಂದೆ ನಿಂತು ಅಪ್ಪಣೆ ಮಾಡಿದರು: "ಯಾರರೆ ಬಿದ್ರ ಯಾರೂ ಹೊಳ್ಳಿ ನೋಡಬ್ಯಾಡ್ರಿ. ನಾಟಕ ಅದು. ತಾನ ಏಳ್ತಾನ."

ಅವರು ಉಣ್ಣೆಯ ಕರಿ ಕೋಟು ತೊಟ್ಟು, ರುಮಾಲು ಸುತ್ತಿ, ಕೈಯಲ್ಲಿ ಹಾರ ಹಿಡಿದು ಬಿಸಿಲಲ್ಲೇ ನಿಂತರು. ಇನ್ಸ್‌ಪೆಕ್ಟರ್ ಸಾಹೇಬರ ಜೀಪು ಬರಲೊಲ್ಲದು. ನಾನು ಗಡಿಗೆ, ಗೇಟು, ಹುಡುಗರು ಅಂತ ಸುತ್ತುತ್ತಲೇ ಇದ್ದೆ. ಹಿಂದಿನಿಂದ ಧೊಪ್ಪೆಂದಿತು. ಬಿದ್ದವರು ಹೆಡ್ ಮಾಸ್ತರು!

ಒಬ್ಬ ಹುಡುಗನೂ ಮಿಸುಕಲಿಲ್ಲ. ಒಬ್ಬ ಮಾತ್ರ ನೆಟ್ಟಗೆ ಮುಂದೆಯೇ ನೋಡುತ್ತ ಕೇಳಿದ: "ಸರ್, ಈಗ ಹೊಳ್ಳಿ ನೋಡಬೇಕೋ ಬ್ಯಾಡೋ?"

"ಹಿಡೀರಿ ಬರ್ರಲೇ!" ಎಂದು ಚೀರಿದೆ. ಎಲ್ಲರೂ ಸೇರಿ ಅವರನ್ನು ನೆರಳಿಗೆ ಒಯ್ದೆವು. ಕೋಟು ಬಿಚ್ಚಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿದೆವು. ಅವರು ಕಣ್ಣು ಬಿಟ್ಟು, ಎದ್ದು ಕೂತು ಮಜ್ಜಿಗೆ ಗುಟುಕರಿಸುವ ಹೊತ್ತಿಗೇ ಜೀಪು ಬಂತು.

"ಏನ್ರಿ ಇದು?" ಎಂದರು ಸಾಹೇಬರು.

ಹೆಡ್ ಮಾಸ್ತರ ಮಾನ ಉಳಿಸಲು ಬಾಯಿಗೆ ಬಂದದ್ದು ಹೇಳಿದೆ: "ಬಿಸಲು ಬಡದ್ರ ಏನು ಮಾಡಬೇಕಂತ ಹುಡುಗ್ರಿಗೆ ಮಾಡಿ ತೋರಸಾಕತ್ತೇವ್ರಿ."

ಸಾಹೇಬರು ಖುಷಿಯಾಗಿ ಕುರ್ಚಿ ಎಳೆದುಕೊಂಡರು. "ಅಗದಿ ಛಲೋ! ಬೀಳೂದರಿಂದ ಹಿಡಿದು ಇನ್ನೊಮ್ಮೆ ತೋರಿಸ್ರಿ, ನೋಡೂಣು."

ಹೆಡ್ ಮಾಸ್ತರು ಒಮ್ಮೆ ಮೈದಾನದ ಬಿಸಿಲು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಕೈಮುಗಿದು ಹೇಳಿದರು: "ನಾಳೆ ತೋರಸ್ತೀವ್ರಿ ಸಾಹೇಬ್ರ. ನಮ್ಮ ಸಾಲ್ಯಾಗ ಡ್ರಿಲ್ಲು ಮುಂಜಾನೆ ಆರಕ್ಕರಿ."